ಕಾಗದವಿಲ್ಲದವರ ಫೀಜು

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಟೈಲರ್ ಎಂಬುದೊಂದು ಊರು. ಗುಲಾಬಿ ತೋಟಗಳಿಗೆ ಹೆಸರಾದದ್ದು. 1977ರ ಸೆಪ್ಟೆಂಬರ್ 9ರಂದು, ಊರು ಇನ್ನೂ ಸರಿಯಾಗಿ ಎದ್ದಿರದ ಬೆಳಗಿನ ಆರು ಗಂಟೆಗೆ, ಅಲ್ಲಿಯ ಕೇಂದ್ರ ನ್ಯಾಯಾಲಯದಲ್ಲಿ ಒಂದು ಮೊಕದ್ದಮೆಯ ವಿಚಾರಣೆ ನಡೆಯಿತು. ಅಷ್ಟು ಹೊತ್ತಿಗೆ ಮುಂಚೆ ಕೋರ್ಟು ಸೇರಲು ಕಾರಣವಿತ್ತು. ಫಿರ್ಯಾದಿಗಳು ಮೆಕ್ಸಿಕೋ ದೇಶದಿಂದ ಬಂದ ನಾಲ್ಕು ಬಡ ಕುಟುಂಬದವರು. ದೇಶದೊಳಗೆ ಇರಲು ಅಪ್ಪಣೆಯ ಕಾಗದ ಅವರ ಬಳಿ ಇರಲಿಲ್ಲ. ಕೋರ್ಟಿನ ಮೆಟ್ಟಿಲು ಹತ್ತಿದ ತಪ್ಪಿಗೆ ಅಲ್ಲಿಂದಲೇ ಗಡಿಯಾಚೆಗೆ ಅಟ್ಟಿಬಿಟ್ಟರೆ? ಹಾಗಾದರೂ ಆಗಲಿ ಎಂದು ಮನೆಯ ಸಾಮಾನನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ಬಂದವರೂ ಇದ್ದರು. ಅವರ ನಿಜವಾದ ಹೆಸರುಗಳು ಕಡತದಲ್ಲಿ ಬರಕೂಡದೆಂದು, ಹೆಸರು ಹೇಳಲಾರದವರಿಗೆ ಆ ದೇಶದ ಕಾನೂನು ಇಡುವ ‘ಡೋ’ ಎಂಬ ಹೆಸರನ್ನೇ ಇವರಿಗೂ ಇಟ್ಟರು. ನ್ಯಾಯಾಧೀಶರ ಹೆಸರು ವಿಲಿಯಂ ವೇಯ್ನ್ ಜಸ್ಟಿಸ್. ಮನೆತನದ ಹೆಸರೇ ‘ನ್ಯಾಯ’!

ಇಷ್ಟು ಭಯವನ್ನು ಹೊತ್ತುಕೊಂಡು ಅವರು ಕೇಳಲು ಬಂದದ್ದಾದರೂ ಏನು? ತಮ್ಮ ಮಕ್ಕಳ ಶಾಲೆಯ ಫೀಜನ್ನು ತೆಗೆದುಹಾಕಬೇಕೆಂದು. ಕಾನೂನುಬದ್ಧವಾಗಿ ದೇಶದೊಳಕ್ಕೆ ಬರದ ಮಕ್ಕಳ ಲೆಕ್ಕದಲ್ಲಿ ಶಾಲೆಗಳಿಗೆ ಸರ್ಕಾರದ ಹಣ ಸಲ್ಲದೆಂದು ಟೆಕ್ಸಾಸ್ 1975ರಲ್ಲಿ ಕಾನೂನು ಮಾಡಿತ್ತು. ಅದನ್ನು ಹಿಡಿದು ಟೈಲರಿನ ಶಾಲಾ ಮಂಡಲಿ 1977ರಲ್ಲಿ ಅಂಥ ಪ್ರತಿಯೊಂದು ಮಗುವಿನಿಂದಲೂ ವರ್ಷಕ್ಕೆ 1,000 ಡಾಲರ್ ವಸೂಲು ಮಾಡಲು ನಿಶ್ಚಯಿಸಿತು. ಇತರ ಮಕ್ಕಳಿಗೆ ಆ ಶಾಲೆ ಉಚಿತ. ದಿನಗೂಲಿಯವನಿಗೆ ಮಗುವೊಂದಕ್ಕೆ ಸಾವಿರ ಡಾಲರ್ ಎಂದರೆ, ಶಾಲೆಯ ಬಾಗಿಲು ಮುಚ್ಚಿದೆ ಎಂದೇ ಅರ್ಥ. ‘ಒಳಗೆ ಬರಬೇಡ’ ಎಂದು ಯಾರೂ ಹೇಳಲಿಲ್ಲ. ‘ಬಾ, ಆದರೆ ಇಷ್ಟು ಕೊಟ್ಟು ಬಾ’ ಎಂದರು.

ಈ ಎರಡು ಮಾತುಗಳ ನಡುವಣ ವ್ಯತ್ಯಾಸವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಮೆರಿಕದಲ್ಲಿ ಕಾಗದವಿಲ್ಲದ ವಿದ್ಯಾರ್ಥಿಗಳ ಇಡೀ ಚರಿತ್ರೆ ಈ ವ್ಯತ್ಯಾಸದ ಸುತ್ತಲೇ ತಿರುಗುತ್ತದೆ. ದೇಶದ ಗಡಿ ನದಿಯ ದಡದಲ್ಲಿದೆ ಎಂದು ಭೂಪಟ ಹೇಳುತ್ತದೆ. ಆ ಮಕ್ಕಳಿಗೆ ಗಡಿ ಇರುವುದು ಫೀಜು ಕಟ್ಟುವ ಕಿಟಕಿಯಲ್ಲಿ.

ಒಂದೇ ಕೈಯ ಎರಡು ರುಜು

ಈ ಕಥೆಯ ಬೇರನ್ನು ಹುಡುಕುತ್ತ ಹೊರಟರೆ 1965ನೆಯ ಇಸವಿಗೆ ಹೋಗಬೇಕಾಗುತ್ತದೆ. ಆಗಿನ ಅಧ್ಯಕ್ಷ ಲಿಂಡನ್ ಜಾನ್ಸನ್ ಟೆಕ್ಸಾಸಿನವನೇ. ಹುಡುಗನಾಗಿದ್ದಾಗ ಸಾನ್ ಮಾರ್ಕೋಸ್ ಎಂಬ ಊರಿನ ಕಾಲೇಜಿಗೆ ಸೇರಿ, ಕೈಯಲ್ಲಿ ಕಾಸಿಲ್ಲದೆ, 1928ರಲ್ಲಿ ಓದನ್ನು ಅರ್ಧಕ್ಕೇ ನಿಲ್ಲಿಸಿ ಒಂದು ವರ್ಷ ಮೇಷ್ಟರ ಕೆಲಸಕ್ಕೆ ಹೋದವನು. ಕೊಟುಲಾ ಎಂಬ ಸಣ್ಣ ಊರಿನಲ್ಲಿ ಅವನು ಕಲಿಸಿದ್ದು ಮೆಕ್ಸಿಕೋ ಮೂಲದ ಬಡವರ ಮಕ್ಕಳಿಗೆ. ಮೂವತ್ತೇಳು ವರ್ಷಗಳ ಮೇಲೆ, 1965ರ ನವೆಂಬರ್ 8ರಂದು, ಅದೇ ಸಾನ್ ಮಾರ್ಕೋಸ್ ಕಾಲೇಜಿಗೆ ಬಂದು ಉನ್ನತ ಶಿಕ್ಷಣದ ಕಾನೂನಿಗೆ ರುಜು ಹಾಕಿದನು. ಬಡವರ ಮಕ್ಕಳೂ ಕಾಲೇಜು ಕಾಣಲೆಂದು ಸರ್ಕಾರದ ಸಹಾಯವನ್ನೂ ಸಾಲವನ್ನೂ ಒದಗಿಸಿದ ಕಾನೂನು ಅದು. ಕೊಟುಲಾದ ಆ ಮಕ್ಕಳನ್ನು ಅಂದಿನ ಭಾಷಣದಲ್ಲಿ ನೆನೆದನು. ಬಡತನದ ದೆಸೆಯಿಂದ ಅವರಿಗೆ ಕಾಲೇಜಿನ ಬಾಗಿಲು ಮುಚ್ಚಿತ್ತೆಂಬ ಸಂಕಟವನ್ನು ತಾನು ಮರೆತಿಲ್ಲವೆಂದನು.

ಆದರೆ ಅದಕ್ಕೆ ಐದು ವಾರಗಳ ಹಿಂದೆ, ಅಕ್ಟೋಬರ್ 3ರಂದು, ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಪಾದದ ಬಳಿ ಕುಳಿತು ಅದೇ ಕೈ ಇನ್ನೊಂದು ಕಾನೂನಿಗೆ ರುಜು ಹಾಕಿತ್ತು. ಅದು ವಲಸೆಯ ಕಾನೂನು. ಏಷ್ಯದವರನ್ನು ಹೊರಗಿಟ್ಟಿದ್ದ ಹಳೆಯ ಜನಾಂಗ ಲೆಕ್ಕವನ್ನು ಅದು ಕಿತ್ತುಹಾಕಿತು. ನಮ್ಮ ಕಡೆಯ ವೈದ್ಯರೂ ಎಂಜಿನಿಯರುಗಳೂ ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ಹೋಗಿ ನೆಲಸಲು ದಾರಿಯಾದದ್ದು ಆ ಕಾನೂನಿನಿಂದಲೇ. ಅದೇ ಕಾನೂನು ನೆರೆಯ ಮೆಕ್ಸಿಕೋ ಮುಂತಾದ ಪಶ್ಚಿಮಾರ್ಧ ಗೋಲದ ದೇಶಗಳಿಗೆ ಮೊಟ್ಟಮೊದಲ ಬಾರಿಗೆ ಒಂದು ಮಿತಿಯನ್ನು ಹೇರಿತು. ಎಲ್ಲಕ್ಕೂ ಸೇರಿ ವರ್ಷಕ್ಕೆ 1,20,000 ಮಂದಿ, ಅದೂ 1968ರಿಂದ. ಮೆಕ್ಸಿಕೋದ ಕೂಲಿಗಳು ಹಂಗಾಮಿಗೆ ಬಂದು ದುಡಿದು ಹೋಗಲು 1942ರಿಂದ ಇದ್ದ ಏರ್ಪಾಡು 1964ರ ಕೊನೆಗೇ ಮುಗಿದಿತ್ತು. ಹೊಲಗಳಿಗೆ ಕೂಲಿಯ ಆಳು ಬೇಕೇ ಬೇಕು. ಬರುವವರಿಗೆ ಹೊಟ್ಟೆಯ ಪಾಡು ಇದ್ದೇ ಇದೆ. ದಾರಿ ಮಾತ್ರ ಕಿರಿದಾಯಿತು. ನಿನ್ನೆಯವರೆಗೆ ಅಪ್ಪಣೆ ಚೀಟಿಯೊಡನೆ ದಾಟುತ್ತಿದ್ದವರೇ ಇಂದು ಚೀಟಿಯಿಲ್ಲದೆ ದಾಟಿದರು. ಹಂಗಾಮು ಮುಗಿದೊಡನೆ ಹಿಂದಿರುಗುತ್ತಿದ್ದವರು, ಮತ್ತೆ ಬರುವುದು ಕಷ್ಟವೆಂದು ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಲ್ಲಿಯೇ ನಿಂತರು. ಟೈಲರಿನ ಕೋರ್ಟಿಗೆ ಬಂದವರು ಇಂಥವರು.

ತೀರ್ಪು, ಅದರ ಎಲ್ಲೆ

ನ್ಯಾಯಾಧೀಶ ಜಸ್ಟಿಸ್ ಕೆಲವೇ ದಿನಗಳಲ್ಲಿ ಫೀಜಿಗೆ ತಡೆ ಹಾಕಿದನು. ಮರುವರ್ಷ ಪೂರ್ಣ ತೀರ್ಪನ್ನೂ ಮಕ್ಕಳ ಪರವಾಗಿಯೇ ಕೊಟ್ಟನು. ಮೊಕದ್ದಮೆ ಮೇಲೇರುತ್ತ ಸುಪ್ರೀಂ ಕೋರ್ಟಿಗೆ ಹೋಯಿತು. 1982ರ ಜೂನ್ 15ರಂದು ಐವರು ಮಕ್ಕಳ ಪರ, ನಾಲ್ವರು ವಿರುದ್ಧ. ಶಾಲೆಗಳ ಮುಖ್ಯಾಧಿಕಾರಿಯಾಗಿದ್ದ ಜೇಮ್ಸ್ ಪ್ಲೈಲರನ ಹೆಸರು ಸೇರಿ ಅದು ‘ಪ್ಲೈಲರ್ ವಿರುದ್ಧ ಡೋ’ ಎಂದು ಪ್ರಸಿದ್ಧವಾಯಿತು. ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಬ್ರೆನ್ನನ್ನನ ವಾದದ ಸಾರ ಇದು: ಗಡಿ ದಾಟುವ ನಿರ್ಧಾರ ಮಾಡಿದ್ದು ತಂದೆತಾಯಿ, ಅದರ ಹೊರೆಯನ್ನು ಮಗುವಿನ ತಲೆಯ ಮೇಲೆ ಹೇರುವುದು ನ್ಯಾಯವಲ್ಲ. ಈ ಮಕ್ಕಳಲ್ಲಿ ಅನೇಕರು ಇಲ್ಲಿಯೇ ಉಳಿಯುವವರು. ಅಕ್ಷರ ಕೊಡದಿದ್ದರೆ ದೇಶದೊಳಗೇ ಒಂದು ಶಾಶ್ವತವಾದ ಕೀಳು ಜಾತಿಯನ್ನು ನಾವೇ ಕಟ್ಟಿದಂತಾಗುತ್ತದೆ. ವಿರುದ್ಧವಾಗಿ ಬರೆದ ಮುಖ್ಯ ನ್ಯಾಯಮೂರ್ತಿ ಬರ್ಗರನೂ ಮಕ್ಕಳಿಗೆ ಪ್ರಾಥಮಿಕ ವಿದ್ಯೆ ತಪ್ಪಿಸುವುದು ಅವಿವೇಕವೆಂದು ಒಪ್ಪಿಕೊಂಡನು. ಅದನ್ನು ತಿದ್ದುವುದು ಶಾಸನಸಭೆಯ ಕೆಲಸ, ಕೋರ್ಟಿನದಲ್ಲ ಎಂಬುದಷ್ಟೇ ಅವನ ತಕರಾರು.

ದೊಡ್ಡ ತೀರ್ಪು, ಲಕ್ಷಾಂತರ ಮಕ್ಕಳಿಗೆ ಅಕ್ಷರ ಕೊಟ್ಟ ತೀರ್ಪು. ಆದರೆ ಅದಕ್ಕೊಂದು ಎಲ್ಲೆ ಇತ್ತು. ಹನ್ನೆರಡನೆಯ ತರಗತಿಗೆ ಅದು ನಿಂತಿತು. ಕಾಲೇಜಿನ ಮಾತನ್ನು ಎತ್ತಲಿಲ್ಲ. ಹದಿನೆಂಟು ವರ್ಷದವರೆಗೆ ರಾಜಮಾರ್ಗ, ಅಲ್ಲಿಂದ ಮುಂದೆ ದಾರಿಯೇ ಇಲ್ಲ.

ಎಷ್ಟೋ ಮಕ್ಕಳಿಗೆ ತಮಗೆ ಕಾಗದವಿಲ್ಲವೆಂಬುದು ತಿಳಿಯುತ್ತಿದ್ದುದೇ ಆ ಘಟ್ಟದಲ್ಲಿ. ಕಾಲೇಜಿನ ಅರ್ಜಿಯನ್ನು ತುಂಬುತ್ತ ಕುಳಿತ ಹುಡುಗಿ, ‘ಸೋಷಿಯಲ್ ಸೆಕ್ಯುರಿಟಿ ನಂಬರು’ ಎಂಬ ಕಡೆ ಬಂದು, ‘ಅಮ್ಮಾ, ನನ್ನ ನಂಬರು ಯಾವುದು?’ ಎಂದು ಕೇಳುತ್ತಾಳೆ. ತಾಯಿ ಉತ್ತರ ಕೊಡದೆ ಸುಮ್ಮನಾಗುತ್ತಾಳೆ. ಹೆಸರು ಬೇರೆ, ಊರು ಬೇರೆ. ಆದರೆ ಈ ಒಂದು ನೋಟ ಆ ಮಕ್ಕಳ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಊರಿನವನೇ ಪರಸ್ಥಳದವನು

ಅಮೆರಿಕದ ಕಾಲೇಜು ಫೀಜಿನ ಲೆಕ್ಕವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಪ್ರತಿಯೊಂದು ರಾಜ್ಯಕ್ಕೂ ತನ್ನ ವಿಶ್ವವಿದ್ಯಾನಿಲಯಗಳಿವೆ. ರಾಜ್ಯದ ನಿವಾಸಿಗಳಿಗೆ ಒಂದು ಫೀಜು. ಹೊರಗಿನವರಿಗೆ ಅದರ ಎರಡು ಮೂರು ಪಟ್ಟು, ಕೆಲವೆಡೆ ಇನ್ನೂ ಹೆಚ್ಚು. ನಿವಾಸಿಗಳು ತೆರಿಗೆ ಕಟ್ಟಿ ಆ ಸಂಸ್ಥೆಗಳನ್ನು ಸಾಕುತ್ತಾರೆಂಬುದು ಇದಕ್ಕೆ ಸಮರ್ಥನೆ. ನ್ಯಾಯವಾದ ಮಾತೇ. ಆದರೆ ಕಾಗದವಿಲ್ಲದವನೂ ಅಂಗಡಿಯಲ್ಲಿ ಸಾಮಾನು ಕೊಂಡಾಗ ಮಾರಾಟ ತೆರಿಗೆ ಕಟ್ಟುತ್ತಾನೆ. ಅವನು ಕೊಡುವ ಬಾಡಿಗೆಯಲ್ಲಿ ಮನೆಯ ಕಂದಾಯವೂ ಸೇರಿರುತ್ತದೆ. ಆದರೂ ಅವನ ಮಗ, ಮೂರನೆಯ ವಯಸ್ಸಿನಿಂದ ಅದೇ ಊರಿನಲ್ಲಿ ಬೆಳೆದಿದ್ದರೂ, ಮನೆಯಿಂದ ನಡೆದು ಹೋಗುವಷ್ಟು ದೂರದ ಕಾಲೇಜಿನಲ್ಲಿ ಪರಸ್ಥಳದವನು.

ಫೀಜು ಹೆಚ್ಚಾದರೆ ಸಹಾಯಧನವಿಲ್ಲವೆ? ಜಾನ್ಸನ್ ಅಡಿಪಾಯ ಹಾಕಿದ ಕೇಂದ್ರದ ನೆರವು, ಮುಂದೆ 1972ರಲ್ಲಿ ಹುಟ್ಟಿ ಪೆಲ್ ಎಂಬ ಸೆನೆಟರನ ಹೆಸರು ಹೊತ್ತ ಬಡ ವಿದ್ಯಾರ್ಥಿಗಳ ವೇತನ, ಸರ್ಕಾರದ ಸಾಲ, ಕಾಲೇಜಿನಲ್ಲೇ ಕೆಲಸ ಮಾಡಿ ಗಳಿಸುವ ಏರ್ಪಾಡು ಯಾವುದೂ ಇವರಿಗೆ ಸಲ್ಲುವುದಿಲ್ಲ. ಹೊರಗೆ ದುಡಿಯೋಣವೆಂದರೆ, ಕಾಗದವಿಲ್ಲದವರನ್ನು ತಿಳಿದೂ ಕೆಲಸಕ್ಕಿಟ್ಟುಕೊಳ್ಳುವುದು 1986ರಿಂದ ಅಪರಾಧ. ಕಾಲೇಜಿಗೆ ಸೇರಕೂಡದೆಂದು ಕೇಂದ್ರದ ಯಾವ ಕಾನೂನೂ ಹೇಳುವುದಿಲ್ಲ. ಫೀಜು ಕಟ್ಟುವ ದಾರಿಗಳು ಮಾತ್ರ ಒಂದೊಂದಾಗಿ ಮುಚ್ಚಿವೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಮೊದಲು ಇದನ್ನು ಪ್ರಶ್ನಿಸಿದ್ದು ಕ್ಯಾಲಿಫೋರ್ನಿಯದಲ್ಲಿ. ‘ಲೆಟೀಸಿಯಾ ಎ.’ ಎಂಬ ಮರೆಹೆಸರಿನ ವಿದ್ಯಾರ್ಥಿನಿಯೂ ಅವಳ ಜೊತೆಯವರೂ ಹೂಡಿದ ದಾವೆಯಲ್ಲಿ 1985ರಲ್ಲಿ ಅಲ್ಲಿಯ ಕೋರ್ಟು, ಇವರಿಂದಲೂ ನಿವಾಸಿಗಳ ಫೀಜನ್ನೇ ತೆಗೆದುಕೊಳ್ಳಬೇಕೆಂದು ಹೇಳಿತು. ಆದರೆ ಅದನ್ನು ಒಪ್ಪದ ವಿಶ್ವವಿದ್ಯಾನಿಲಯದ ಉದ್ಯೋಗಿಯೊಬ್ಬ ತಾನೇ ದಾವೆ ಹೂಡಿದನು. 1990ರಲ್ಲಿ ಮೇಲಿನ ಕೋರ್ಟು ಅವನ ಪರವಾಗಿ ತೀರ್ಪಿತ್ತಿತು. ಐದು ವರ್ಷ ತೆರೆದಿದ್ದ ಬಾಗಿಲು ಹೀಗೆ ಮುಚ್ಚಿತು. ತೆರೆದು ಮುಚ್ಚುವ ಈ ಆಟವನ್ನು ಮುಂದೆಯೂ ಕಾಣುತ್ತೇವೆ.

ಕಾನೂನಿನ ಸಂದಿಯಲ್ಲಿ ಒಂದು ಕಿಂಡಿ

1996ರಲ್ಲಿ ವಾಷಿಂಗ್ಟನ್ನಿನ ಕಾಂಗ್ರೆಸ್ಸು ಇನ್ನೂ ಬಿಗಿಯಾದ ಕಾನೂನು ಮಾಡಿತು. ಅದರ 505ನೆಯ ವಿಧಿಯ ತಾತ್ಪರ್ಯ: ರಾಜ್ಯದ ‘ನಿವಾಸಿ’ ಎಂಬ ಕಾರಣಕ್ಕೆ ಕಾಗದವಿಲ್ಲದವನಿಗೆ ಕಾಲೇಜಿನ ಯಾವ ಸೌಲಭ್ಯವನ್ನೂ ಕೊಡಕೂಡದು, ಕೊಡುವುದಾದರೆ ದೇಶದ ಎಲ್ಲ ಪ್ರಜೆಗಳಿಗೂ, ಅವರು ಯಾವ ರಾಜ್ಯದವರಾಗಿರಲಿ, ಕೊಡಬೇಕು. ಬಾಗಿಲಿಗೆ ಬೀಗ ಬಿತ್ತೆಂದೇ ಬಹುಮಂದಿ ತಿಳಿದರು.

ಬೀಗದಲ್ಲಿ ಕಿಂಡಿಯನ್ನು ಕಂಡವರಲ್ಲಿ ಮೊದಲಿಗರು ಟೆಕ್ಸಾಸಿನವರೆಂಬುದು ಚರಿತ್ರೆಯ ವಿನೋದ. ಶಾಲೆಯ ಮಕ್ಕಳ ಮೇಲೆ ಸಾವಿರ ಡಾಲರ್ ಹೇರಿ ಸುಪ್ರೀಂ ಕೋರ್ಟಿನಲ್ಲಿ ಸೋತ ಟೆಕ್ಸಾಸ್, 2001ರ ಜೂನ್ ತಿಂಗಳಲ್ಲಿ ಎರಡೂ ಪಕ್ಷಗಳ ಬೆಂಬಲದಿಂದ ಹೊಸ ಶಾಸನ ಮಾಡಿತು. ರಾಜ್ಯದಲ್ಲಿ ಮೂರು ವರ್ಷ ಇದ್ದು ಅಲ್ಲಿಯ ಹೈಸ್ಕೂಲು ಮುಗಿಸಿದವನಿಗೆ, ಅವಕಾಶ ಸಿಕ್ಕಿದೊಡನೆ ಕಾಯಂ ನಿವಾಸಕ್ಕೆ ಅರ್ಜಿ ಹಾಕುತ್ತೇನೆಂದು ಪ್ರಮಾಣಪತ್ರ ಬರೆದುಕೊಟ್ಟರೆ, ಕಡಮೆ ಫೀಜು; ಅಷ್ಟೇ ಅಲ್ಲ, ರಾಜ್ಯದ ಸಹಾಯಧನವೂ ಉಂಟು. ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯ ಅದೇ ದಾರಿ ಹಿಡಿಯಿತು. ಅಲ್ಲಿ ‘ನಿವಾಸ’ ಎಂಬ ಮಾತನ್ನೇ ಬಿಟ್ಟು, ಮೂರು ವರ್ಷ ನಮ್ಮ ಹೈಸ್ಕೂಲಿನಲ್ಲಿ ಓದಿ ತೇರ್ಗಡೆಯಾದವರಿಗೆಲ್ಲ ಎಂದರು. ಅಲ್ಲಿ ಓದಿ ಬೇರೆ ರಾಜ್ಯಕ್ಕೆ ಹೋಗಿದ್ದ ಪ್ರಜೆಗೂ ಅದು ಸಲ್ಲುತ್ತಿತ್ತು. ಆದ್ದರಿಂದ 505ನೆಯ ವಿಧಿ ಮುರಿಯಲಿಲ್ಲ. 2010ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಈ ಅರ್ಥವನ್ನು ಒಪ್ಪಿತು. ಒಂದೊಂದಾಗಿ ಇತರ ರಾಜ್ಯಗಳೂ ಅನುಸರಿಸಿದವು.

ಟೆಕ್ಸಾಸಿನ ಶಾಸನಕ್ಕೆ ರುಜು ಹಾಕಿದ ಗವರ್ನರ್ ರಿಕ್ ಪೆರ್ರಿ ಮುಂದೆ 2011ರಲ್ಲಿ ಅಧ್ಯಕ್ಷ ಪದವಿಗೆ ತನ್ನ ಪಕ್ಷದ ಉಮೇದುವಾರನಾಗಲು ಹೊರಟಾಗ, ವೇದಿಕೆಯ ಮೇಲೆ ಎದುರಾಳಿಗಳು ಇದನ್ನೇ ಹಿಡಿದು ಕೆಣಕಿದರು. ತಮ್ಮದಲ್ಲದ ತಪ್ಪಿಗೆ ಈ ಮಕ್ಕಳಿಗೆ ವಿದ್ಯೆ ಬೇಡವೆನ್ನುವವರಿಗೆ ಹೃದಯವಿಲ್ಲವೆಂದೇ ತನ್ನ ಎಣಿಕೆ ಎಂದು ಅವನು ಉತ್ತರ ಕೊಟ್ಟನು. ಆ ಮಾತು ಅವನಿಗೆ ದುಬಾರಿಯಾಯಿತು. ಮಾತು ಮೀರಿತೆಂದು ಆಮೇಲೆ ವಿಷಾದವನ್ನೂ ಸೂಚಿಸಬೇಕಾಯಿತು. ಹತ್ತು ವರ್ಷಗಳಲ್ಲಿ ಗಾಳಿ ಎಷ್ಟು ತಿರುಗಿತ್ತೆಂಬುದಕ್ಕೆ ಇದು ಸಾಕ್ಷಿ.

ಪಿಯಾನೋ ನುಡಿಸಿದ ಹುಡುಗಿ

ರಾಜ್ಯಗಳು ಫೀಜನ್ನು ಇಳಿಸಬಹುದು, ಕಾಗದ ಕೊಡಲಾರವು. ಅದು ಕೇಂದ್ರದ ಕೈಯಲ್ಲಿದೆ. ಅಲ್ಲಿಯ ಪ್ರಯತ್ನ ಹುಟ್ಟಿದ್ದು ಒಬ್ಬ ಹುಡುಗಿಯ ನಿಮಿತ್ತವಾಗಿ. ತೆರೇಜಾ ಲೀ ಎಂಬುವಳ ತಂದೆತಾಯಿ ಕೊರಿಯದವರು. ಅವಳು ಹುಟ್ಟಿದ್ದು ಬ್ರೆಜಿಲಿನಲ್ಲಿ. ಎಳೆಗೂಸಾಗಿದ್ದಾಗಲೇ ಬಂದು ಬೆಳೆದದ್ದು ಚಿಕಾಗೋ ನಗರದಲ್ಲಿ. ಮನೆಯಲ್ಲಿ ಬಡತನ, ಬೆರಳುಗಳಲ್ಲಿ ಸಂಗೀತ. ಪಿಯಾನೋ ವಾದನದಲ್ಲಿ ಹೆಸರು ಮಾಡಿದ ಅವಳನ್ನು ಕಾಲೇಜಿಗೆ ಅರ್ಜಿ ಹಾಕೆಂದು ಮೇಷ್ಟರು ಒತ್ತಾಯಿಸಿದಾಗ ನಿಜ ಹೊರಬಿತ್ತು. ಅವರು ಸೆನೆಟರ್ ರಿಚರ್ಡ್ ಡರ್ಬಿನ್ನನ ಕಚೇರಿಗೆ ಮೊರೆಯಿಟ್ಟರು. ವಲಸೆ ಇಲಾಖೆಯನ್ನು ವಿಚಾರಿಸಿದರೆ, ದೇಶ ಬಿಟ್ಟು ಹೊರಡಲಿ ಎಂದು ಉತ್ತರ ಬಂತು. ಡರ್ಬಿನ್ ಎದುರು ಪಕ್ಷದ ಆರಿನ್ ಹ್ಯಾಚ್‌ನೊಡನೆ ಸೇರಿ 2001ರ ಆಗಸ್ಟಿನಲ್ಲಿ ಮಸೂದೆಯೊಂದನ್ನು ಮಂಡಿಸಿದನು. ಅದರ ಉದ್ದನೆಯ ಹೆಸರಿನ ಮೊದಲ ಅಕ್ಷರಗಳು ಕೂಡಿ ‘ಡ್ರೀಮ್’, ಅಂದರೆ ಕನಸು, ಎಂದಾಗುತ್ತಿದ್ದವು. ಆ ಮಕ್ಕಳಿಗೆ ‘ಡ್ರೀಮರ್’ಗಳು ಎಂಬ ಹೆಸರು ಬಂದದ್ದು ಹೀಗೆ.

ಅದರ ಬಗ್ಗೆ ಸೆನೆಟ್ಟಿನಲ್ಲಿ ಅಹವಾಲು ಕೇಳಲು ಗೊತ್ತುಮಾಡಿದ್ದ ದಿನ 2001ರ ಸೆಪ್ಟೆಂಬರ್ 12. ಹಿಂದಿನ ದಿನ ನ್ಯೂಯಾರ್ಕಿನ ಜೋಡಿ ಗೋಪುರಗಳು ಉರುಳಿದವು. ಸಭೆ ನಡೆಯಲಿಲ್ಲ. ಮಸೂದೆ ಆಮೇಲೆ ಮತ್ತೆ ಮತ್ತೆ ಬಂತು, 2007ರಲ್ಲಿ ಬಿತ್ತು, 2010ರ ಡಿಸೆಂಬರಿನಲ್ಲಿ ಕೆಳಮನೆ 216-198 ಮತಗಳಿಂದ ಒಪ್ಪಿತು, ಸೆನೆಟ್ಟಿನಲ್ಲಿ 55 ಮತ ಬಿದ್ದರೂ ಚರ್ಚೆ ಮುಗಿಸಲು ಬೇಕಾದ 60 ಸಾಲದೆ ಬಿದ್ದುಹೋಯಿತು. ಗೆದ್ದೂ ಸೋತಂತೆ. ತೆರೇಜಾ ಮಾತ್ರ ಕಲಾಪೋಷಕ ದಂಪತಿಗಳೊಬ್ಬರ ಔದಾರ್ಯದಿಂದ ನ್ಯೂಯಾರ್ಕಿನ ಮ್ಯಾನ್‌ಹಟನ್ ಸಂಗೀತ ಶಾಲೆಯಲ್ಲಿ ಓದಿದಳು. ಅವಳಿಗೆ ದಾನಿಗಳು ಸಿಕ್ಕರು. ಅಂಥ ಬೆರಳುಗಳಿಲ್ಲದ ಸಾಧಾರಣ ಹುಡುಗನ ಗತಿ? 2000ದ ದಶಕದಲ್ಲಿ ವರ್ಷಕ್ಕೆ ಸುಮಾರು 65,000 ಕಾಗದವಿಲ್ಲದ ಮಕ್ಕಳು ಹೈಸ್ಕೂಲು ಮುಗಿಸುತ್ತಿದ್ದರೆಂದು ಒಂದು ಅಂದಾಜು.

ಹೇಗೆ ಕಟ್ಟಿದರು

ಹಾಗಾದರೆ ಓದಿದವರು ಹೇಗೆ ಓದಿದರು? ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಸ್ಥಾನ ಸಿಕ್ಕಿದ್ದರೂ ಅದನ್ನು ಬಿಟ್ಟು, ಊರಿನಲ್ಲೇ ಇರುವ ಕಡಮೆ ಫೀಜಿನ ಎರಡು ವರ್ಷದ ಕಾಲೇಜಿಗೆ ಸೇರುವುದು. ಮನೆಯಲ್ಲೇ ಉಂಡು, ಬಸ್ಸಿನಲ್ಲಿ ತಾಸುಗಟ್ಟಲೆ ಓಡಾಡುವುದು. ಒಮ್ಮೆಗೆ ಒಂದೋ ಎರಡೋ ವಿಷಯದ ಫೀಜು ಕಟ್ಟಿ ಓದುವುದು. ಒಂದು ಅವಧಿ ಓದಿ, ಮುಂದಿನ ಅವಧಿ ಹೋಟೆಲಿನಲ್ಲಿ ತಟ್ಟೆ ತೊಳೆದು, ಮನೆಗೆಲಸ ಮಾಡಿ, ಕೂಡಿಟ್ಟು ಮತ್ತೆ ಬರುವುದು. ನಾಲ್ಕು ವರ್ಷದ ಪದವಿಗೆ ಏಳೆಂಟು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ನಮ್ಮ ಹಿರಿಯರಲ್ಲಿ ವಾರಾನ್ನ ಮಾಡಿಕೊಂಡು ಓದಿದವರ ಕಥೆ ಕೇಳಿರುವವರಿಗೆ ಇದು ತೀರ ಅಪರಿಚಿತವೆನಿಸದು. ಆದರೆ ಒಂದು ಭೇದವುಂಟು. ವಾರಾನ್ನದ ಹುಡುಗ ನಾಲ್ಕು ಮನೆಯ ಬಾಗಿಲಲ್ಲಿ ನಿಂತು ತನ್ನ ಕಷ್ಟವನ್ನು ಹೇಳಿಕೊಳ್ಳಬಹುದಾಗಿತ್ತು. ಇವನು ತನ್ನ ಕಷ್ಟದ ಕಾರಣವನ್ನು ಪಕ್ಕದಲ್ಲಿ ಕೂತ ಗೆಳೆಯನಿಗೂ ಹೇಳುವಂತಿಲ್ಲ.

2012ರ ಜೂನ್ 15ರಂದು ಅಧ್ಯಕ್ಷ ಒಬಾಮಾ ಒಂದು ಆಜ್ಞೆಯ ಮೂಲಕ ಸ್ವಲ್ಪ ಉಸಿರಾಡುವ ಅವಕಾಶ ಕೊಟ್ಟನು. ಪ್ಲೈಲರ್ ತೀರ್ಪು ಬಂದು ಅಂದಿಗೆ ಸರಿಯಾಗಿ ಮೂವತ್ತು ವರ್ಷ. ‘ಡಾಕಾ’ ಎಂದು ಹೆಸರಾದ ಈ ಏರ್ಪಾಡಿನಂತೆ, ಹದಿನಾರು ತುಂಬುವ ಮುಂಚೆ ಬಂದು 2007ರಿಂದ ದೇಶದಲ್ಲೇ ಇರುವವರನ್ನು ಎರಡೆರಡು ವರ್ಷಗಳ ಮಟ್ಟಿಗೆ ಹೊರಗಟ್ಟುವುದಿಲ್ಲ. ಅವರಿಗೆ ಕೆಲಸದ ಪರವಾನಗಿ ಸಿಗುತ್ತದೆ. ಕೇಂದ್ರದ ಸಹಾಯಧನ ಆಗಲೂ ಇಲ್ಲ. ಆದರೂ ರುಜುವಾತಿನ ಕೆಲಸ ಮಾಡಿ ಫೀಜು ಕಟ್ಟಬಹುದೆಂಬುದೇ ದೊಡ್ಡದು. ವರ್ಷಗಳ ಮೇಲೆ 8 ಲಕ್ಷಕ್ಕೂ ಮಿಕ್ಕಿ ಜನ ಇದರ ನೆರಳಿಗೆ ಬಂದರು. 2017ರಲ್ಲಿ ಟ್ರಂಪ್ ಸರ್ಕಾರ ಅದನ್ನು ರದ್ದುಮಾಡ ಹೊರಟಿತು. 2020ರಲ್ಲಿ ಸುಪ್ರೀಂ ಕೋರ್ಟು 5-4ರಿಂದ ಆ ಕ್ರಮವನ್ನು ತಳ್ಳಿಹಾಕಿತು. 2021ರಲ್ಲಿ ಟೆಕ್ಸಾಸಿನ ಕೇಂದ್ರ ನ್ಯಾಯಾಲಯವೊಂದು ಹೊಸಬರಿಗೆ ಕೊಡದಂತೆ ತಡೆಯಿತು. ಅಲ್ಲದೆ 2007ರ ಗೆರೆ ಕದಲಲೇ ಇಲ್ಲ. ಅದರ ಈಚೆಗೆ ಬಂದ ಮಕ್ಕಳು ಹೈಸ್ಕೂಲು ಮುಗಿಸುವ ಹೊತ್ತಿಗೆ ಆ ನೆರಳು ಅವರ ಪಾಲಿಗಿರಲಿಲ್ಲ.

ಇನ್ನು ರಾಜ್ಯಗಳದು ಒಂದೊಂದು ದಾರಿ. ಜಾರ್ಜಿಯ 2010ರಲ್ಲಿ ತನ್ನ ಶ್ರೇಷ್ಠ ಸಂಸ್ಥೆಗಳಿಗೆ ಇವರು ಸೇರದಂತೆ ನಿಯಮ ಮಾಡಿತು. ಮರುವರ್ಷ ಕೆಲವು ಪ್ರಾಧ್ಯಾಪಕರು ಆಥೆನ್ಸ್ ಊರಿನಲ್ಲಿ ‘ಫ್ರೀಡಮ್ ಯೂನಿವರ್ಸಿಟಿ’ ಎಂದು ಹೆಸರಿಟ್ಟು ಬಿಡುವಿನ ವೇಳೆಯಲ್ಲಿ ಪುಕ್ಕಟೆಯಾಗಿ ಪಾಠ ಹೇಳತೊಡಗಿದರು. ಅದೇ 2011ರಲ್ಲಿ ಕ್ಯಾಲಿಫೋರ್ನಿಯ ಸಹಾಯಧನಕ್ಕೂ ಇವರು ಅರ್ಹರೆಂದು ಎರಡು ಶಾಸನ ಮಾಡಿತು. ವೃತ್ತಪತ್ರಿಕೆಯೊಂದರ ಒಡೆಯನಾಗಿದ್ದ ಡೊನಾಲ್ಡ್ ಗ್ರಹಾಮ್ ಮುಂತಾದವರು 2014ರಲ್ಲಿ ಇಂಥವರಿಗೆಂದೇ ವಿದ್ಯಾರ್ಥಿವೇತನದ ನಿಧಿಯೊಂದನ್ನು ಸ್ಥಾಪಿಸಿದರು. ಅರಿಜೋನದ ಮತದಾರರು 2006ರಲ್ಲಿ ಭಾರಿ ಬಹುಮತದಿಂದ ಕಡಮೆ ಫೀಜು ಬೇಡವೆಂದಿದ್ದರು. 2022ರಲ್ಲಿ ಅದೇ ಮತದಾರರು, ಸಣ್ಣ ಅಂತರದಿಂದಲಾದರೂ, ಆಗಲಿ ಎಂದರು. ಜನರ ಮನಸ್ಸು ಕಲ್ಲಲ್ಲ.

ನಮ್ಮವರ ಸರದಿ

ಇದೆಲ್ಲ ಗಡಿ ದಾಟಿ ಬಂದವರ ಪಾಡು, ನಮಗೇನು ಎಂದು ವಾಚಕರು ಕೇಳಬಹುದು. ಬೆಂಗಳೂರು, ಮೈಸೂರುಗಳಿಂದ ವೀಸಾ ಹಿಡಿದು ವಿಮಾನದಲ್ಲಿ ಹೋದ ಎಂಜಿನಿಯರುಗಳ ಮನೆಗಳಲ್ಲೂ ಈ ಸಂಕಟದ ಒಂದು ಎಳೆ ಇದೆ. ಕಾಯಂ ನಿವಾಸಕ್ಕಾಗಿ ಭಾರತದವರ ಸರದಿ ದಶಕಗಳಷ್ಟು ಉದ್ದ. ಯಾವ ಒಂದು ದೇಶಕ್ಕೂ ನೂರಕ್ಕೆ ಏಳಕ್ಕಿಂತ ಹೆಚ್ಚು ಪಾಲಿಲ್ಲವೆಂಬ ನಿಯಮ ಇದಕ್ಕೆ ಕಾರಣ. ತಂದೆತಾಯಿ ಸರದಿಯಲ್ಲಿ ನಿಂತಿರುವಾಗಲೇ ಮಗುವಿಗೆ ಇಪ್ಪತ್ತೊಂದು ತುಂಬಿದರೆ, ಅದು ಅವರ ಅವಲಂಬಿಯಾಗಿ ಉಳಿಯುವುದಿಲ್ಲ. ಕಂಕುಳಲ್ಲಿ ಕೂತು ಹೋದ ಮಗು ಆಗ ಪರದೇಶದ ವಿದ್ಯಾರ್ಥಿಯ ವೀಸಾ ಪಡೆದು ಎಷ್ಟೋ ಕಡೆ ಪರದೇಶದವರ ಫೀಜನ್ನು ಕಟ್ಟಬೇಕು. ಇಲ್ಲವೆ ತಾನು ಕಾಣದ ‘ಊರಿಗೆ’ ಹಿಂದಿರುಗಬೇಕು. ಡಾಕಾ ಇವರಿಗೂ ಸಲ್ಲಲಿಲ್ಲ. ಏಕೆಂದರೆ 2012ರ ಆ ದಿನ ಕಾಗದವಿಲ್ಲದಿರಬೇಕೆಂಬುದು ಅದರ ಷರತ್ತು. ಒಬ್ಬನಿಗೆ ಕಾಗದವಿಲ್ಲದ್ದು ಅಡ್ಡಿ, ಇನ್ನೊಬ್ಬನಿಗೆ ಇದ್ದದ್ದೇ ಅಡ್ಡಿ.

ಮತ್ತೆ ಟೆಕ್ಸಾಸ್

2025ರಲ್ಲಿ ಚಕ್ರ ಮತ್ತೊಂದು ಸುತ್ತು ತಿರುಗಿತು. ಫ್ಲಾರಿಡ ತಾನೇ 2014ರಲ್ಲಿ ಕೊಟ್ಟಿದ್ದ ಕಡಮೆ ಫೀಜನ್ನು ಹಿಂತೆಗೆದುಕೊಂಡಿತು. ಜೂನ್ 4ರಂದು ಕೇಂದ್ರ ಸರ್ಕಾರ ಟೆಕ್ಸಾಸಿನ 2001ರ ಶಾಸನದ ವಿರುದ್ಧ ದಾವೆ ಹೂಡಿತು. ಅದೇ ದಿನ ಟೆಕ್ಸಾಸ್ ತನ್ನ ಶಾಸನವನ್ನು ಸಮರ್ಥಿಸಿಕೊಳ್ಳದೆ ಒಪ್ಪಿಬಿಟ್ಟಿತು. ಅದೇ ದಿನ ನ್ಯಾಯಾಧೀಶನು ಶಾಸನವನ್ನು ನಿಲ್ಲಿಸಿದನು. ಇಪ್ಪತ್ತನಾಲ್ಕು ವರ್ಷ ನಡೆದು ಬಂದದ್ದು ಒಂದು ಹಗಲಿನಲ್ಲಿ ಮುಗಿಯಿತು. ವಾದಿ ಪ್ರತಿವಾದಿಗಳಿಬ್ಬರೂ ಒಂದೇ ಮಾತಾಡಿದ ಆ ಮೊಕದ್ದಮೆಯಲ್ಲಿ ವಿದ್ಯಾರ್ಥಿಗಳ ಮಾತು ಕೇಳುವವರೇ ಇರಲಿಲ್ಲ. ತಮ್ಮನ್ನೂ ಕೇಳಿ ಎಂದು ಅವರ ಪರದವರು ಆಮೇಲೆ ಬಾಗಿಲು ತಟ್ಟಿದರು. ಅರ್ಧ ಓದು ಮುಗಿಸಿದ್ದವರ ಮುಂದಿನ ಅವಧಿಯ ಫೀಜು ಮಾತ್ರ ಎರಡು ಮೂರು ಪಟ್ಟಾಯಿತು.

1977ರ ಆ ಮುಂಜಾನೆಯ ಮಾತಿಗೆ ಹಿಂದಿರುಗಿ ಇದನ್ನು ಮುಗಿಸೋಣ. ಮೊಕದ್ದಮೆಯಲ್ಲಿ ಸೋತ ಜೇಮ್ಸ್ ಪ್ಲೈಲರ್ ವರ್ಷಗಳು ಕಳೆದ ಮೇಲೆ, ತಾನು ಸೋತದ್ದೇ ಒಳ್ಳೆಯದಾಯಿತೆಂದು ಹೇಳಿದನು. ಆ ಮಕ್ಕಳನ್ನು ಓದಿಸಿದ ಖರ್ಚಿಗಿಂತ ಓದಿಸದೆ ಬಿಟ್ಟಿದ್ದರೆ ಆಗುವ ನಷ್ಟ ದೊಡ್ಡದಾಗಿತ್ತೆಂಬುದು ಅವನಿಗೆ ಕಾಣಿಸಿತ್ತು. ಕಾರಿನ ತುಂಬ ಸಾಮಾನು ತುಂಬಿಕೊಂಡು ಬಂದಿದ್ದವರು ಅಂದು ಗಡಿಯ ಕಡೆಗೆ ಹೋಗಲಿಲ್ಲ, ಮನೆಗೆ ಹಿಂದಿರುಗಿದರು. ಫೀಜಿಗೆ ತಡೆ ಬಿದ್ದ ಮೇಲೆ ಅವರ ಮಕ್ಕಳು ಪುಸ್ತಕದ ಚೀಲ ಹೊತ್ತು ಶಾಲೆಗೆ ಹೋದರು.